ಟ್ಯಾಂಕು ಹಳಿ ಏರುವ ಮೊದಲು

ಪುಣೆಯ ಒಂದು ತುಣುಕನ್ನು ಮಾದರಿ ರೈಲಿನ ಹಲಗೆಯ ಮೇಲೆ ಕಟ್ಟಲು ಹೊರಟವರು ಸೈನ್ಯವನ್ನು ಬಿಟ್ಟು ಕಟ್ಟಿದರೆ ಅದು ಪುಣೆ ಅನ್ನಿಸುವುದಿಲ್ಲ. ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇಲ್ಲೇ ಇದೆ. ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಇದೆ, ಸೇನೆಯ ಎಂಜಿನಿಯರುಗಳ ದಳವಾದ ಬಾಂಬೆ ಸ್ಯಾಪರ್ಸ್ ಕೇಂದ್ರವಿದೆ. ಹುಬ್ಬಳ್ಳಿ, ಬೆಳಗಾವಿಯಿಂದ ಮಿರಜ್ ಮೇಲೆ ಬರುವ ಗಾಡಿ ಘೋರ್ಪಡಿ ಹತ್ತಿರವಾದಂತೆ ಕಿಟಕಿಯಾಚೆ ದಂಡಿನ ಉದ್ದುದ್ದ ಗೋಡೆಗಳು ಶುರುವಾಗುವುದನ್ನು ಊರಿಗೆ ಹೋಗಿಬರುವ ನಮ್ಮವರೆಲ್ಲ ನೋಡಿದ್ದಾರೆ. ಕ್ಯಾಂಪ್ ಕಡೆಯ ಸಿಗ್ನಲ್ಲುಗಳಲ್ಲಿ ಹಸಿರು ಲಾರಿಯ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುವುದು ಇಲ್ಲಿ ದಿನದ ಮಾತು.

ಹಾಗಾಗಿ ರೈಲಿನ ಹುಚ್ಚು ಹತ್ತಿದವರು ಇಂದಲ್ಲ ನಾಳೆ ಪ್ಲಾಸ್ಟಿಕ್ ಮಿಲಿಟರಿ ಕಿಟ್‌ಗಳ ಡಬ್ಬಿಗೆ ಕೈ ಹಾಕುತ್ತಾರೆ. ಕಿಟ್ ಬಿಡಿಬಿಡಿಯಾಗಿ ಬರುತ್ತದೆ. ಚೌಕಟ್ಟಿನಿಂದ ತುಂಡು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿದರೆ ಜೀಪೋ ಲಾರಿಯೋ ಟ್ಯಾಂಕೋ ಆಗುತ್ತದೆ. ಕೆಲಸ ಕಷ್ಟದ್ದಲ್ಲ. ತಲೆ ಕೆಡಿಸುವುದು ಡಬ್ಬಿಯ ಮೇಲಿನ ಅಂಕಿ. ನನ್ನ ಅಕ್ಕನ ಮಗ ಟಿ-72 ಟ್ಯಾಂಕಿನ ಡಬ್ಬಿ ಹಿಡಿದುಕೊಂಡು ಬಂದು, “ಮಾಮಾ, ಇದರ ಮ್ಯಾಲೆ 1:72 ಅಂತ ಬರ್ದಾರ. ನಮ್ಮ ಗಾಡಿ 1:87. ಎಷ್ಟ ಫರಕ ಬೀಳ್ತದ?” ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಒಂದೇ ಉತ್ತರವಿಲ್ಲ. ಆ ಟ್ಯಾಂಕನ್ನು ಎಲ್ಲಿ, ಯಾವುದರ ಪಕ್ಕ ಇಡುತ್ತೀರಿ ಎಂಬುದರ ಮೇಲೆ ಫರಕು ಕಾಣಲೂಬಹುದು, ಕಾಣದೆಯೂ ಹೋಗಬಹುದು.

ಲೆಕ್ಕದಿಂದ ಶುರು ಮಾಡೋಣ. 1:87 ಎಂದರೆ ನಿಜವಾದ 87 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಆಗುತ್ತದೆ. ಅಂಕಿ ದೊಡ್ಡದಾದಷ್ಟೂ ಮಾದರಿ ಚಿಕ್ಕದು. ಜಗತ್ತಿನಲ್ಲಿ ಹೆಚ್ಚು ಓಡುವ ಮಾದರಿ ರೈಲು ಎಚ್‌ಓ, ಅದರ ಅಳತೆ 1:87. ಕೋಥರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿದವರು ಈ ಗಾತ್ರವನ್ನು ಕಣ್ಣಾರೆ ಕಂಡಿದ್ದಾರೆ. ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಗಾಡಿಗಳದ್ದು ಓಓ, ಅಂದರೆ 1:76. ಇದಕ್ಕಿಂತ ಚಿಕ್ಕದು ಎನ್, 1:160. ಮಿಲಿಟರಿ ಕಿಟ್‌ಗಳ ಲೋಕವೇ ಬೇರೆ. ಅಲ್ಲಿ 1:35, 1:48, 1:72, 1:76 ಹೆಚ್ಚು. 1:87, 1:100, 1:144 ಕಡಿಮೆ.

ಇಷ್ಟೊಂದು ಅಳತೆಗಳು ಹುಟ್ಟಿಕೊಂಡದ್ದು ಯಾರೋ ಕೂತು ಯೋಜನೆ ಹಾಕಿ ಅಲ್ಲ. ಬ್ರಿಟನ್ನಿನ ರೈಲು ಎಂಜಿನ್‌ಗಳು ಯುರೋಪಿನವಕ್ಕಿಂತ ಸಣ್ಣ ಮೈಯವು. 1:87ರಲ್ಲಿ ಮಾಡಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಳಿಯನ್ನು 16.5 ಮಿ.ಮೀ.ಗೇ ಬಿಟ್ಟು, ಮೈಯನ್ನು ಮಾತ್ರ ಒಂದಡಿಗೆ 4 ಮಿ.ಮೀ.ನಂತೆ ದೊಡ್ಡದು ಮಾಡಿದರು. ಅದೇ ಓಓ. ಹೀಗಾಗಿ ಹಾರ್ನ್‌ಬಿ ಗಾಡಿ ಇಂದಿಗೂ ತನ್ನ ಮೈಗೆ ಹೋಲಿಸಿದರೆ ಇಕ್ಕಟ್ಟಾದ ಹಳಿಯ ಮೇಲೇ ಓಡುತ್ತಿದೆ. 1960ರ ದಶಕದಲ್ಲಿ ಏರ್‌ಫಿಕ್ಸ್ ಸಣ್ಣ ಟ್ಯಾಂಕು, ಲಾರಿಗಳ ಕಿಟ್ ತಂದಾಗ ಅವನ್ನು 1:76ರಲ್ಲೇ ಮಾಡಿತು. ಕಂಪನಿ ಸ್ಟೇಷನ್ನು, ಸಿಗ್ನಲ್ ಕಂಬ, ರೈಲು ವ್ಯಾಗನ್‌ಗಳ ಕಿಟ್ಟನ್ನೂ ಮಾರುತ್ತಿತ್ತು. ಎಲ್ಲವೂ ಒಂದೇ ಹಲಗೆಯ ಮೇಲೆ ಕೂರಲಿ ಎಂಬ ವ್ಯಾಪಾರದ ಜಾಣ್ಮೆ. ಅದರ ಡಬ್ಬಿಗಳ ಮೇಲೆ ‘ಎಚ್‌ಓ/ಓಓ’ ಎಂದು ಎರಡನ್ನೂ ಒಟ್ಟಿಗೆ ಅಚ್ಚು ಹಾಕಿದ್ದಂತೂ ಜಾಣ್ಮೆಗಿಂತ ಒಂದು ಹೆಜ್ಜೆ ಮುಂದೆ. ಎರಡೂ ಅಳತೆ ಒಂದೇ ಎಂದು ಇವತ್ತಿಗೂ ನಂಬಿರುವವರಿದ್ದಾರೆ.

1:72 ವಿಮಾನದವರ ಅಳತೆ, ಆರಡಿಗೆ ಒಂದಿಂಚು. ವಿಮಾನದ ಪಕ್ಕ ನಿಲ್ಲಿಸಲು ಲಾರಿ ಬೇಕಾಯಿತು, ಆಮೇಲೆ ಟ್ಯಾಂಕೂ ಬಂತು. ಇನ್ನು 1:35ರದ್ದು ತಮಾಷೆಯ ಕಥೆ. ಜಪಾನಿನ ತಮಿಯಾ ಕಂಪನಿ ಮೋಟಾರು ಹಾಕಿದ ಪ್ಯಾಂಥರ್ ಟ್ಯಾಂಕ್ ಮಾಡುವಾಗ ಬ್ಯಾಟರಿ ಒಳಗೆ ಹಿಡಿಸುವಷ್ಟು ಮೈ ಇಟ್ಟುಕೊಂಡಿತು. ಆಮೇಲೆ ಅಳೆದು ನೋಡಿದರೆ ಅದು ಸುಮಾರು 1:35 ಆಗಿತ್ತು. ಲೋಕವೆಲ್ಲ ಅದನ್ನೇ ಹಿಂಬಾಲಿಸಿತು. ಅಂಗಡಿಯಲ್ಲಿ ಕಣ್ಣು ಕುಕ್ಕುವಂತೆ ಜೋಡಿಸಿಟ್ಟ ದೊಡ್ಡ ಡಬ್ಬಿಗಳು ಹೆಚ್ಚಾಗಿ ಇವೇ. ಎಚ್‌ಓ ಗಾಡಿಗೆ ಇವು ಯಾವ ರೀತಿಯಲ್ಲೂ ಬರುವುದಿಲ್ಲ, ಆಸೆ ಬಿಡಿ. 1:48ನ್ನು ಅಮೆರಿಕದ ಓ ಅಳತೆಯವರು ಬಳಸಬಹುದು. ಅದಕ್ಕೆ ಬೇಕಾಗುವ ಜಾಗ ನಮ್ಮ ಎರಡು ಕೋಣೆಯ ಫ್ಲ್ಯಾಟುಗಳಲ್ಲಿ ಎಲ್ಲಿಂದ ತರುವುದು?

ಉಳಿದದ್ದು ಮೂರು ಅಳತೆಗಳ ನೆರೆಹೊರೆ: 72, 76, 87. ಉದ್ದದಲ್ಲಿ 1:72ರ ವಸ್ತು 1:76ರದ್ದಕ್ಕಿಂತ ಶೇ. 6ರಷ್ಟು ದೊಡ್ಡದು. ಹಾರ್ನ್‌ಬಿ ಓಡಿಸುವವರು ಇದನ್ನು ಮರೆತುಬಿಡಬಹುದು, ಪಕ್ಕಪಕ್ಕದಲ್ಲಿ ಇಡದಿದ್ದರೆ ಕಣ್ಣಿಗೆ ಸಿಗುವುದಿಲ್ಲ. 1:76ರದ್ದು ಎಚ್‌ಓಗೆ ಶೇ. 15ರಷ್ಟು ದೊಡ್ಡದಾಗುತ್ತದೆ, 1:72ರದ್ದು ಶೇ. 21ರಷ್ಟು. ಶೇ. 21 ಎಂದರೆ ಅಷ್ಟೇನಲ್ಲ ಅನ್ನಿಸಬಹುದು. ಆದರೆ ಉದ್ದ, ಅಗಲ, ಎತ್ತರ ಮೂರೂ ಅಷ್ಟಷ್ಟು ಬೆಳೆಯುವುದರಿಂದ ಒಟ್ಟು ಗಾತ್ರ ಒಂದೂಮುಕ್ಕಾಲು ಪಟ್ಟಾಗುತ್ತದೆ. ಕಣ್ಣು ನೋಡುವುದು ಗಾತ್ರವನ್ನು. ಕಾಗದದ ಮೇಲೆ ಹೊಂದಿದ್ದು ಹಲಗೆಯ ಮೇಲೆ ದಪ್ಪಗೆ ಕಾಣುವುದು ಇದಕ್ಕೇ.

ಗಾತ್ರವನ್ನೂ ಕಣ್ಣು ತನ್ನಷ್ಟಕ್ಕೆ ಅಳೆಯಲಾರದು. ಪಕ್ಕದಲ್ಲಿ ಗೊತ್ತಿರುವ ವಸ್ತು ಒಂದಿರಬೇಕು. ಮಾದರಿ ರೈಲಿನ ಹಲಗೆಯ ಮೇಲೆ ಅಂಥ ಅಳತೆಗೋಲುಗಳು ಮೂರೇ: ಮನುಷ್ಯ, ಬಾಗಿಲು, ವ್ಯಾಗನ್. ನನ್ನ ಮಟ್ಟಿಗೆ ಇಡೀ ವಿದ್ಯೆ ಇಷ್ಟರಲ್ಲೇ ಇದೆ. ಡಬ್ಬಿಯ ಅಂಕಿ ಆಮೇಲೆ.

ಜೀಪನ್ನೇ ತೆಗೆದುಕೊಳ್ಳಿ. ವಿಲಿಸ್ ಜೀಪಿನ ಉದ್ದ 3.33 ಮೀಟರ್. ಎಚ್‌ಓದಲ್ಲಿ ಅದು 38 ಮಿ.ಮೀ. ಆಗಬೇಕು. 1:72ರ ಕಿಟ್ಟಿನದು 46 ಮಿ.ಮೀ. ಬರುತ್ತದೆ. ಅದೇ ರಸ್ತೆಯಲ್ಲಿ ಎಚ್‌ಓ ಅಳತೆಯ ಅಂಬಾಸಿಡರ್ ನಿಂತಿದ್ದರೆ ಅದರ ಉದ್ದ ಸುಮಾರು 50 ಮಿ.ಮೀ. ನಿಜದಲ್ಲಿ ಎರಡರ ನಡುವೆ ಒಂದು ಮೀಟರಿನ ಅಂತರ; ಮಾದರಿಯಲ್ಲಿ ಜೀಪು ಅಂಬಾಸಿಡರನ್ನು ಮುಟ್ಟುವಂತೆ ಬೆಳೆದು ನಿಂತಿದೆ. ಅಂಬಾಸಿಡರನ್ನೂ ಜೀಪನ್ನೂ ನೋಡದ ಭಾರತೀಯನಿಲ್ಲ, ಯಾರಾದರೂ ಒಂದೇ ನೋಟಕ್ಕೆ ‘ಏನೋ ಸರಿಯಿಲ್ಲ’ ಅನ್ನುತ್ತಾರೆ.

ಲಾರಿಯ ವಿಷಯ ಹಾಗಲ್ಲ. ಲಾರಿಗಳಲ್ಲಿ ಮೂರು ಟನ್ನಿನದು, ಐದು ಟನ್ನಿನದು, ಹತ್ತು ಟನ್ನಿನದು ಎಲ್ಲ ಇವೆ. 1:76ರ ಸಣ್ಣ ಲಾರಿ ಎಚ್‌ಓ ರಸ್ತೆಯಲ್ಲಿ ತುಸು ದೊಡ್ಡ ಲಾರಿಯೆಂದು ನಡೆದುಹೋಗುತ್ತದೆ. ಗುಟ್ಟು ರಟ್ಟು ಮಾಡುವುದು ಅದರ ಬಾಗಿಲು. ಡ್ರೈವರನ ಬಾಗಿಲಿನ ಎದುರು 20 ಮಿ.ಮೀ.ನ ಎಚ್‌ಓ ಮನುಷ್ಯನನ್ನು ನಿಲ್ಲಿಸಿದರೆ ಕಿಟಕಿಯ ಅಂಚು ಅವನ ತಲೆಗಿಂತ ಎತ್ತರಕ್ಕೆ ಹೋಗುತ್ತದೆ. ಬಾಗಿಲಿನ ಬದಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಹಿಂಭಾಗವನ್ನು ನೋಡುವವರ ಕಡೆ ಇಡಿ. ಟಾರ್ಪಾಲು ಹೊದ್ದ ಹಿಂಭಾಗಕ್ಕೆ ಅಳತೆಯೇ ಇಲ್ಲ. ಜನರನ್ನು ಎರಡು ಇಂಚು ದೂರ ನಿಲ್ಲಿಸಿ, ಅಷ್ಟು ಸಾಕು.

ಟ್ಯಾಂಕು ಈ ವಿಷಯದಲ್ಲಿ ಇನ್ನೂ ಉದಾರಿ. ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ. ಹೆಚ್ಚಿನವರು ಅದರ ಪಕ್ಕದಲ್ಲಿ ನಿಂತವರೂ ಅಲ್ಲ. ತೋಪು ಹೊತ್ತು ತಿರುಗುವ ಗೋಪುರದ ಮುಚ್ಚಳ ತೆರೆದು ಸೈನಿಕನನ್ನು ನಿಲ್ಲಿಸದಿದ್ದರಾಯಿತು. ಆದರೆ ಟ್ಯಾಂಕನ್ನು ನೆಲದಿಂದ ಎತ್ತಿ ವ್ಯಾಗನ್ನಿನ ಮೇಲೆ ಇಟ್ಟಿರೋ, ಎಲ್ಲ ಉದಾರತೆಯೂ ಅಲ್ಲಿಗೆ ಮುಗಿಯಿತು.

ವ್ಯಾಗನ್ನಿನ ಮೇಲೆ

ರೈಲಿನ ಹಲಗೆಯ ಮೇಲೆ ಮಿಲಿಟರಿ ಗಾಡಿಗೆ ಒಪ್ಪುವ ಜಾಗ ಯುದ್ಧಭೂಮಿಯಲ್ಲ, ಗೂಡ್ಸ್ ರೇಕು, ಅಂದರೆ ಸರಕಿನ ವ್ಯಾಗನ್ನುಗಳ ಸಾಲು. ಟ್ಯಾಂಕು ಸ್ವಂತ ಕಾಲಿನ ಮೇಲೆ ದೂರ ಹೋಗುವ ಪ್ರಾಣಿಯಲ್ಲ. ಗಾಲಿಗಳ ಸುತ್ತ ಸುತ್ತುವ ಉಕ್ಕಿನ ಪಟ್ಟಿ ಸವೆಯುತ್ತದೆ, ರಸ್ತೆ ಹಾಳಾಗುತ್ತದೆ, ಡೀಸೆಲ್ ಸುರಿಯಬೇಕಾಗುತ್ತದೆ. ಆದ್ದರಿಂದ ಟ್ಯಾಂಕು ಹುಟ್ಟಿದ ದಿನದಿಂದಲೂ ರೈಲಿನ ಮೇಲೇ ಪ್ರಯಾಣ ಮಾಡಿದೆ. ರೈಲಿಗೋ ಒಂದು ಮಿತಿಯಿದೆ: ಸುರಂಗ, ಪ್ಲಾಟ್‌ಫಾರ್ಮ್, ಸೇತುವೆ, ಪಕ್ಕದ ಹಳಿಯ ಗಾಡಿ ಯಾವುದಕ್ಕೂ ತಾಗದಂತೆ ಹೋಗಲು ಎಷ್ಟು ಅಗಲ, ಎಷ್ಟು ಎತ್ತರ ಇರಬಹುದು ಎಂಬ ಮಿತಿ. ಇದನ್ನು ಲೋಡಿಂಗ್ ಗೇಜ್ ಅನ್ನುತ್ತಾರೆ. ಟ್ಯಾಂಕಿನ ಇತಿಹಾಸದ ಅರ್ಧ ಭಾಗ ಈ ಮಿತಿಯ ಜೊತೆಗಿನ ಗುದ್ದಾಟ.

ಮೊದಲ ಮಹಾಯುದ್ಧದ ಬ್ರಿಟಿಷ್ ಮಾರ್ಕ್ 1 ಟ್ಯಾಂಕಿನ ಎರಡೂ ಪಕ್ಕೆಗೆ ತೋಪಿನ ಗೂಡುಗಳಿದ್ದವು. ರೈಲಿಗೆ ಹತ್ತಿಸುವ ಮೊದಲು ಅವನ್ನು ಬೋಲ್ಟು ಬಿಚ್ಚಿ ಕಳಚಬೇಕಿತ್ತು. ಈ ಕಾಟ ತಾಳಲಾರದೆ ಮಾರ್ಕ್ 4ರಲ್ಲಿ ಗೂಡುಗಳನ್ನು ಒಳಕ್ಕೆ ತಳ್ಳುವಂತೆ ಮಾಡಿದರು. ಎರಡನೆಯ ಯುದ್ಧದಲ್ಲಿ ಜರ್ಮನರ ಟೈಗರ್‌ಗೆ ಎರಡು ಜೊತೆ ಪಟ್ಟಿಗಳಿದ್ದವು: ಕಾಳಗಕ್ಕೆ 725 ಮಿ.ಮೀ. ಅಗಲದ್ದು, ರೈಲಿಗೆ 520 ಮಿ.ಮೀ.ದ್ದು. ರೈಲು ಹತ್ತುವಾಗ ಅಗಲದ ಪಟ್ಟಿ ಬಿಚ್ಚಿ, ಹೊರಸಾಲಿನ ಗಾಲಿ ತೆಗೆದು, ಸಣ್ಣ ಪಟ್ಟಿ ಹಾಕಬೇಕು; ಇಳಿದ ಮೇಲೆ ಮತ್ತೆ ಉಲ್ಟಾ. ಅಮೆರಿಕದ ಶೆರ್ಮನ್ 2.62 ಮೀಟರ್ ಅಗಲದ್ದಾದ್ದರಿಂದ ಅಗಲಕ್ಕೆ ತೊಂದರೆಯಿರಲಿಲ್ಲ, ಎತ್ತರಕ್ಕಿತ್ತು. ಅದಕ್ಕೆಂದು ಬ್ರಿಟನ್ನಿನಲ್ಲಿ ನಡುಭಾಗ ತಗ್ಗಿಸಿದ ವಾರ್‌ವೆಲ್ ವ್ಯಾಗನ್ ಮಾಡಿದರು. ಏರ್‌ಫಿಕ್ಸಿನ 1:76ರ ಶೆರ್ಮನ್ ಹಾರ್ನ್‌ಬಿ ಗಾಡಿಯ ಹಿಂದೆ ಇಷ್ಟು ಚೆನ್ನಾಗಿ ಒಪ್ಪುವುದು ಇದರಿಂದಲೇ. ಅದರ ಅಗಲ 34 ಮಿ.ಮೀ., ಓಓ ವ್ಯಾಗನ್ನಿನ ಅಂಚಿನೊಳಗೇ ಕೂರುತ್ತದೆ.

ನಮ್ಮ ಬ್ರಾಡ್‌ಗೇಜಿಗೆ ಬರೋಣ. ಹಳಿಗಳ ನಡುವಿನ ಅಂತರ 1676 ಮಿ.ಮೀ., ಗಾಡಿಯ ಅಗಲದ ಸಾಮಾನ್ಯ ಮಿತಿ 3250 ಮಿ.ಮೀ. ಎಚ್‌ಓದಲ್ಲಿ ಈ ಮಿತಿ 37 ಮಿ.ಮೀ. ಚಿಲ್ಲರೆ. ಹಳಿ ಮಾತ್ರ 19.3 ಮಿ.ಮೀ. ಇರಬೇಕಿತ್ತು, ಅಂಗಡಿಯಲ್ಲಿ ಸಿಗುವುದು 16.5. ಭಾರತೀಯ ರೈಲಿನ ಮಾದರಿ ಮಾಡುವವರಲ್ಲಿ ಬಹುಪಾಲು ಜನ ಈ ಕೊರತೆಯನ್ನು ಕಂಡೂ ಕಾಣದಂತೆ ಇದ್ದುಬಿಟ್ಟಿದ್ದಾರೆ, ಅದು ಸರಿಯೂ ಹೌದು. (16.5ರ ಹಳಿಯನ್ನೇ ನಿಜವಾದ ಬ್ರಾಡ್‌ಗೇಜ್ ಎಂದು ಹಠ ಹಿಡಿದರೆ ಅಳತೆ ಹೆಚ್ಚುಕಡಿಮೆ 1:100 ಆಗುತ್ತದೆ. ಆಗ ಎಂಜಿನ್ನಿನಿಂದ ಹಿಡಿದು ಎಲ್ಲವನ್ನೂ ಕೈಯಲ್ಲೇ ಮಾಡಿಕೊಳ್ಳಬೇಕು. ಬಿಡುವಿದ್ದವರು ನೋಡಿಕೊಳ್ಳಲಿ.)

ಟಿ-72ರ ಅಗಲ ಪಕ್ಕದ ತಗಡುಗಳೂ ಸೇರಿ 3.59 ಮೀಟರ್. ನಿಜವಾದ ರೈಲಿನಲ್ಲೇ ಅದು 3250ರ ಮಿತಿ ಮೀರುತ್ತದೆ. ಮಿತಿ ಮೀರಿದ ಸರಕಿಗೆ ರೈಲ್ವೆಯವರು ‘ಓ.ಡಿ.ಸಿ.’ (ಓವರ್ ಡೈಮೆನ್ಷನಲ್ ಕನ್ಸೈನ್‌ಮೆಂಟ್) ಅನ್ನುತ್ತಾರೆ. ಅದಕ್ಕೆ ಬೇರೆಯೇ ಅನುಮತಿ, ಬೇರೆಯೇ ವೇಗ, ಬೇರೆಯೇ ಎಚ್ಚರಿಕೆ. ಎಂದರೆ ಸರಿಯಾದ ಎಚ್‌ಓ ಅಳತೆಯ ಟಿ-72 ಕೂಡ 41 ಮಿ.ಮೀ. ಅಗಲವಿದ್ದು, ವ್ಯಾಗನ್ನಿನಿಂದ ಎರಡೂ ಕಡೆ 2 ಮಿ.ಮೀ. ಹೊರಗೆ ಚಾಚಬೇಕು. ಅದು ನೋಡಲು ಚೆಂದ, ನಿಜಕ್ಕೂ ಹತ್ತಿರ. ಅಕ್ಕನ ಮಗನ ಡಬ್ಬಿಯಲ್ಲಿದ್ದ 1:72ರ ಟ್ಯಾಂಕಿನ ಅಗಲ 50 ಮಿ.ಮೀ. ಎರಡೂ ಕಡೆ 6 ಮಿ.ಮೀ.ಗಿಂತ ಹೆಚ್ಚು ಚಾಚುತ್ತದೆ, ನಿಜದ ಲೆಕ್ಕದಲ್ಲಿ ಒಂದೊಂದು ಕಡೆಗೂ ಅರ್ಧ ಮೀಟರಿಗೆ ಮೇಲೆ. ಇಂಥದ್ದು ಖಂಡಾಲಾ ಘಾಟಿನ ಸುರಂಗ ಹೊಕ್ಕು ಹೊರಬರುವುದನ್ನು ಊಹಿಸುವುದೂ ಕಷ್ಟ.

ಹಲಗೆಯ ಮೇಲೂ ಇದು ಬರಿಯ ನೋಟದ ಪ್ರಶ್ನೆಯಲ್ಲ. ಜೋಡಿ ಹಳಿಗಳ ನಡುವಿನ ಅಂತರ ಪೀಕೋ ಕಂಪನಿಯ ಮಾದರಿ ಹಳಿಯಲ್ಲಿ ಸುಮಾರು 51 ಮಿ.ಮೀ. ಟ್ಯಾಂಕಿನ ಅರ್ಧ 25, ಎದುರಿಗೆ ಬರುವ ಬೋಗಿಯ ಅರ್ಧ ಸುಮಾರು 19, ಒಟ್ಟು 44. ನೇರ ಹಳಿಯಲ್ಲಿ 7 ಮಿ.ಮೀ. ಉಳಿಯುತ್ತದೆ, ಪಾರಾದಿರಿ. ತಿರುವಿನಲ್ಲಿ ಉದ್ದದ ಬೋಗಿಯ ನಡುಭಾಗ ಒಳಕ್ಕೂ ತುದಿಗಳು ಹೊರಕ್ಕೂ ವಾಲುತ್ತವೆ. ಆ 7 ಮಿ.ಮೀ. ಕರಗುವುದು ಅಲ್ಲಿ. ಟ್ಯಾಂಕಿನ ಮೂಲೆಗೆ ಬೋಗಿಯ ಮೆಟ್ಟಿಲು ಸಿಕ್ಕಿ ಎರಡೂ ಗಾಡಿ ಮಗುಚಿಕೊಳ್ಳುತ್ತವೆ. ಪರೀಕ್ಷೆ ಸುಲಭ: ಟ್ಯಾಂಕಿನ ಅಗಲ, ಎತ್ತರಕ್ಕೆ ದಪ್ಪ ಕಾಗದವನ್ನು ಕತ್ತರಿಸಿ, ಖಾಲಿ ವ್ಯಾಗನ್ನಿಗೆ ನಿಲ್ಲಿಸಿ ಅಂಟಿಸಿ, ಇಡೀ ಲೇಔಟಿನಲ್ಲಿ, ಅಂದರೆ ಹಲಗೆಯ ಮೇಲೆ ಕಟ್ಟಿದ ಹಳಿಯುದ್ದಕ್ಕೂ, ಕೈಯಿಂದ ನಿಧಾನ ತಳ್ಳಿ. ಕಿಟ್ ಕೊಳ್ಳುವ ಮೊದಲೇ ಇದನ್ನು ಮಾಡಬಹುದು. ನಿಜದ ಅಗಲವನ್ನು 72ರಿಂದಲೋ 76ರಿಂದಲೋ ಭಾಗಿಸಿದರೆ ಮುಗಿಯಿತು.

ಕೊಂಡಾದ ಅಗಲದ ಟ್ಯಾಂಕಿಗೂ ದಾರಿಯಿದೆ. ಟಾರ್ಪಾಲು ಹೊದಿಸಿ. ಸೇನೆಯ ಸರಕು ಮುಚ್ಚಿಕೊಂಡು ಹೋಗುವುದು ಸಹಜ, ಆದ್ದರಿಂದ ಇದು ಮೋಸವೂ ಅಲ್ಲ. ಮುಚ್ಚುವುದೇ ಆದರೆ ಗಾಲಿ, ಪಟ್ಟಿ, ಪಕ್ಕದ ತಗಡು ಯಾವುದೂ ಬೇಡ. ಒಳಮೈ ಮತ್ತು ಗೋಪುರ ಮಾತ್ರ ಅಂಟಿಸಿ, ಬದಿಗಳನ್ನು ಗರಗಸದಿಂದ ಕೊಯ್ದು ವ್ಯಾಗನ್ನಿನ ಅಳತೆಗೆ ತನ್ನಿ. ಪೇಪರ್ ನ್ಯಾಪ್ಕಿನ್ನಿನ ಪದರಗಳನ್ನು ಬಿಡಿಸಿ ಒಂದೇ ಪದರ ಇಟ್ಟುಕೊಳ್ಳಿ. ಫೆವಿಕಾಲಿಗೆ ಅಷ್ಟೇ ನೀರು, ಒಂದು ಹನಿ ಪಾತ್ರೆ ಸೋಪು ಬೆರೆಸಿ. ಸೋಪು ಹಾಕದಿದ್ದರೆ ನೀರು ಕಾಗದದ ಮೇಲೆ ಗುಂಡಗೆ ನಿಂತುಬಿಡುತ್ತದೆ. ಕಾಗದವನ್ನು ಒಣಗಿದ್ದಾಗಲೇ ಹೊದಿಸಿ, ಮೇಲಿನಿಂದ ಬ್ರಷ್ಷಿನಲ್ಲಿ ದ್ರಾವಣ ತೊಟ್ಟಿಕ್ಕಿಸಿ. ಎರಡು ಕ್ಷಣದಲ್ಲಿ ಅದು ತೊಯ್ದು ಗೋಪುರದ ಮೇಲೆ ಕುಸಿದು ಕೂರುತ್ತದೆ, ನಳಿಗೆಯ ಕೆಳಗೆ ಜೋತು ಬೀಳುತ್ತದೆ. ಈಗ ಒದ್ದೆ ಬ್ರಷ್ಷಿನ ತುದಿಯಿಂದ ಮಡಿಕೆಗಳನ್ನು ಕೆಳಮುಖವಾಗಿ ಎಳೆಯಿರಿ, ಬೆರಳು ತಾಗಿಸಿದರೆ ಹರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮಾಸಲು ಹಸಿರು ಬಳಿದು, ಮಡಿಕೆಗಳ ನೆತ್ತಿಗೆ ತಿಳಿಬಣ್ಣದ ಒಣ ಬ್ರಷ್ ಆಡಿಸಿ. ಹಗ್ಗಕ್ಕೆ ಹೊಲಿಗೆಯ ದಾರ ಸಾಕು, ಆದರೆ ಮೊದಲು ಅದನ್ನು ಮೇಣದ ಬತ್ತಿಗೆ ಉಜ್ಜಿಕೊಳ್ಳಿ. ಇಲ್ಲವಾದರೆ ದಾರದ ನವಿರು ಎಳೆಗಳು ಎದ್ದು ನಿಂತು ಎಚ್‌ಓ ಅಳತೆಗೆ ತೆಂಗಿನ ನಾರಿನಂತೆ ಕಾಣುತ್ತವೆ.

ತೆರೆದೇ ಇಡುವ ಟ್ಯಾಂಕಿಗೆ ಸರಪಳಿ ಬೇಕು, ಪಟ್ಟಿಯ ಹಿಂದೆ ಮುಂದೆ ಮರದ ತಡೆ ಬೇಕು. ನಳಿಗೆ ವ್ಯಾಗನ್ನಿನ ಉದ್ದಕ್ಕೆ ನೇರ ಇರಬೇಕು, ಓರೆಯಾಗಿ ಹೊರಗೆ ಚಾಚಿದ ನಳಿಗೆ ಯಾವ ರೈಲಿನಲ್ಲೂ ಇರುವುದಿಲ್ಲ. ಟಿ-72ರ ಒಡಲು ಸುಮಾರು 7 ಮೀಟರಾದರೆ ನಳಿಗೆ ಸೇರಿ ಒಂಬತ್ತೂವರೆ. ಗಿಡ್ಡ ವ್ಯಾಗನ್ನಿನ ಮೇಲಿಟ್ಟರೆ ನಳಿಗೆ ಮುಂದಿನ ವ್ಯಾಗನ್ನಿನ ಮೇಲಕ್ಕೆ ಹೋಗುತ್ತದೆ, ತಿರುವಿನಲ್ಲಿ ಅದರ ಸರಕಿಗೆ ತಿವಿಯುತ್ತದೆ.

ತೂಕದ ಮಾತನ್ನು ಹೆಚ್ಚಿನವರು ಗಾಡಿ ಹಳಿ ತಪ್ಪಿದ ಮೇಲೆ ಯೋಚಿಸುತ್ತಾರೆ. ನಿಜದಲ್ಲಿ ನಲವತ್ತು ಟನ್ ಮೀರುವ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಉಫ್ ಅಂದರೆ ಹಾರುವಷ್ಟು ಹಗುರ. ಅಮೆರಿಕದ ಮಾದರಿ ರೈಲಿನವರ ಸಂಘ ಎನ್‌ಎಂಆರ್‌ಎ ಎಚ್‌ಓಗೆ ಹೇಳುವ ಲೆಕ್ಕ ಇದು: 1 ಔನ್ಸ್, ಅದರ ಮೇಲೆ ವ್ಯಾಗನ್ನಿನ ಪ್ರತಿ ಇಂಚಿಗೆ ಅರ್ಧ ಔನ್ಸ್. ಆರಿಂಚಿನ ವ್ಯಾಗನ್ನಿಗೆ 4 ಔನ್ಸ್, ಹೆಚ್ಚುಕಡಿಮೆ 113 ಗ್ರಾಂ. ಈ ತೂಕವನ್ನು ಟ್ಯಾಂಕಿನ ಗೋಪುರದೊಳಗೆ ತುಂಬಬೇಡಿ. ಮೇಲ್ಭಾರವಾಗಿ ತಿರುವಿನಲ್ಲಿ ವಾಲುತ್ತದೆ. ಉಕ್ಕಿನ ವಾಷರುಗಳನ್ನು ವ್ಯಾಗನ್ನಿನ ತಳಕ್ಕೆ, ಮಿಕ್ಕವನ್ನು ಟ್ಯಾಂಕಿನ ಹೊಟ್ಟೆಯ ತಳಕ್ಕೆ ಅಂಟಿಸಿ. ಜುನಾ ಬಜಾರಿನಲ್ಲಿ ಇಂಥವನ್ನು ತೂಕದ ಲೆಕ್ಕದಲ್ಲಿ ಕೊಳ್ಳಬಹುದು. ಸೀಸದ ಗುಂಡುಗಳನ್ನು ಫೆವಿಕಾಲಿನಲ್ಲಿ ಕಲಸಿ ತುಂಬುವುದು ಬೇಡ. ಆ ಅಂಟು ಸೀಸವನ್ನು ತಿನ್ನುತ್ತದೆ, ಅದು ಉಬ್ಬಿ ಕೆಲವು ವರ್ಷದಲ್ಲಿ ಮೈಯನ್ನೇ ಬಿರಿಸುತ್ತದೆ.

ಟ್ಯಾಂಕು ವ್ಯಾಗನ್ ಹತ್ತುವುದು ಪಕ್ಕದಿಂದಲ್ಲ, ತುದಿಯಿಂದ. ಸೈಡಿಂಗಿನ, ಅಂದರೆ ಮುಖ್ಯ ದಾರಿಯಿಂದ ಕವಲೊಡೆದ ಪಕ್ಕದ ಹಳಿಯ, ಕೊನೆಯಲ್ಲಿ ಇಳಿಜಾರಿನ ಕಟ್ಟೆಯೊಂದಿರುತ್ತದೆ. ಅದರ ಮೇಲಿಂದ ಮೊದಲ ವ್ಯಾಗನ್ನಿಗೆ ಹತ್ತಿ, ವ್ಯಾಗನ್ನಿಂದ ವ್ಯಾಗನ್ನಿಗೆ ದಾಟುತ್ತ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಲೇಔಟಿನಲ್ಲಿ ಎಲ್ಲೂ ಸೇರದೆ ಉಳಿದ ಒಂದು ಗಿಡ್ಡ ಹಳಿಯಿದ್ದರೆ ಅದರ ತುದಿಗೆ ಇಂಥ ಕಟ್ಟೆ ಕಟ್ಟಿ. ವ್ಯಾಗನ್ ತಳದ ಎತ್ತರಕ್ಕೆ ಸರಿಯಾಗಿ, ಹಿಂದಕ್ಕೆ ನಿಧಾನ ಇಳಿಯುವಂತೆ. ಒಂದು ಟ್ಯಾಂಕು ಕಟ್ಟೆಯ ಮೇಲೆ, ಒಂದು ವ್ಯಾಗನ್ನಿನ ಮೇಲೆ, ಎರಡು ಲಾರಿ ಕಾಯುತ್ತ. ಇಷ್ಟಕ್ಕೆ ಎರಡು ಗೇಣು ಜಾಗ ಸಾಕು. ಹಲಗೆಯ ಹಿಂಬದಿಯಲ್ಲಿ ಗುಡ್ಡವಿದ್ದರೆ ಅಲ್ಲಿಗೆ ರಷ್ಯಾದ ಝ್ವೆಜ್ದಾ ಕಂಪನಿ ಯುದ್ಧದ ಆಟಗಳಿಗೆಂದು ಮಾಡುವ 1:100ರ ಕಿಟ್‌ಗಳು ಒದಗುತ್ತವೆ. ಹಿಂದಕ್ಕೆ ಸರಿದಷ್ಟೂ ಚಿಕ್ಕದಿಟ್ಟರೆ ಹಲಗೆ ಉದ್ದವಾಗಿ ಕಾಣುತ್ತದೆ. 1:72ರ ಗಾಡಿ ಇಡಲೇಬೇಕಿದ್ದರೆ ಅದು ಹಲಗೆಯ ಮುಂದಿನ ಅಂಚಿಗೆ.

ಕರೆಂಟು ತಂತಿಯಿರುವ ಲೇಔಟಿನಲ್ಲಿ ಇನ್ನೊಂದು ಎಚ್ಚರ. ಮುಂಬೈ–ಪುಣೆ ದಾರಿಗೆ ವಿದ್ಯುತ್ ಬಂದು ತೊಂಬತ್ತು ವರ್ಷ ಮೀರಿತು, ತಂತಿಯಿಲ್ಲದ ಲೋಣಾವಳೆಯನ್ನು ಯಾರೂ ಒಪ್ಪುವುದಿಲ್ಲ. ತಂತಿಯ ಎತ್ತರ ಹಳಿಯಿಂದ ಸುಮಾರು ಐದೂವರೆ ಮೀಟರ್. ವ್ಯಾಗನ್ನಿನ ತಳ, ಅದರ ಮೇಲೆ ಟ್ಯಾಂಕು ಸೇರಿ ಮೂರೂವರೆ ಮೀಟರಾಗುತ್ತದೆ. ಗೋಪುರದ ಮೇಲೆ ಸೈನಿಕನನ್ನು ನಿಲ್ಲಿಸಿದರೆ ಅವನ ತಲೆಗೂ 25,000 ವೋಲ್ಟಿಗೂ ಒಂದಡಿ ಅಂತರ. ಕಿಟ್ಟಿನ ಜೊತೆ ಬಂದ ಗೊಂಬೆಯನ್ನು ಎಲ್ಲಾದರೂ ನಿಲ್ಲಿಸಲೇಬೇಕೆಂಬ ಆಸೆಗೆ ಬಿದ್ದು ಹಲವರು ಇದನ್ನು ಮಾಡುತ್ತಾರೆ. ಅವನನ್ನು ನೆಲಕ್ಕೆ ಇಳಿಸಿ ಕೈಗೆ ಚಹಾ ಲೋಟ ಕೊಡಿ.

ಯಾವ ಎಂಜಿನ್ನಿಗೆ ಯಾವ ಗಾಡಿ

1962ರಿಂದ ಬಂದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಹಿಂದೆ ಶೆರ್ಮನ್, ಟಿ-55, ವಿಜಯಂತ ಟ್ಯಾಂಕುಗಳೆಲ್ಲವೂ ಒಪ್ಪುತ್ತವೆ. 1971ರ ಯುದ್ಧದ ಹೊತ್ತಿಗೆ ಇವೆಲ್ಲ ನಮ್ಮ ಸೇನೆಯಲ್ಲಿದ್ದವು. ಟಿ-72 ಬಂದದ್ದು 1970ರ ದಶಕದ ಕೊನೆಗೆ, ಟಿ-90 ಈ ಶತಮಾನದಲ್ಲಿ. ಟಿ-55, ಟಿ-72, ಟಿ-90 ಮೂರೂ 1:72ರ ಕಿಟ್‌ಗಳಾಗಿ ಸಿಗುತ್ತವೆ. ಪಶ್ಚಿಮದ ಕಂಪನಿಗಳಿಗೆ ರಷ್ಯಾದ ಟ್ಯಾಂಕಿನ ಮೇಲಿರುವ ಆಸಕ್ತಿಯ ಲಾಭ ನಮಗೆ. ವಿಜಯಂತ ಸಿಗುವುದು ಕಷ್ಟ. ಲಾರಿಗಳಲ್ಲಿ ಜಬಲ್‌ಪುರದ ಶಕ್ತಿಮಾನ್ ಜರ್ಮನಿಯ ಎಂಎಎನ್ ಕಂಪನಿಯ ಪರವಾನಗಿಯಲ್ಲಿ ತಯಾರಾದದ್ದು. ಜರ್ಮನ್ ಸೇನೆಯ ಎಂಎಎನ್ 630 ಅದರ ದಾಯಾದಿ, ಅದೇ ಉದ್ದ ಮೂತಿ. ಆಸ್ಟ್ರಿಯಾದ ರೋಕೋ ತನ್ನ ಮಿನಿಟ್ಯಾಂಕ್ಸ್ ಸಾಲಿನಲ್ಲಿ ಈ 630ನ್ನು ನೇರ 1:87ರಲ್ಲೇ ಮಾಡಿತ್ತು. ಹಳೆಯ ಸಾಮಾನು ಮಾರುವವರಲ್ಲಿ ಕಂಡರೆ ಬಿಡಬೇಡಿ. ಅಳತೆಯ ತಲೆನೋವೇ ಇಲ್ಲ.

ನಂಬರು ಬರೆಯುವಾಗ ಕಿಟ್ಟಿನ ಸ್ಟಿಕ್ಕರು ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಸೇನೆಯ ಗಾಡಿಯ ನಂಬರು ಮೇಲ್ಮುಖವಾದ ಒಂದು ಬಾಣದಿಂದ ಶುರುವಾಗುತ್ತದೆ, ಆಮೇಲೆ ವರ್ಷದ ಎರಡು ಅಂಕಿ, ಒಂದು ಅಕ್ಷರ, ಮುಂದೆ ಸಂಖ್ಯೆ. ಎಚ್‌ಓದಲ್ಲಿ ಅಂಕಿಗಳು ಓದಲು ಬರುವುದಿಲ್ಲ, ಬಾಣ ಮಾತ್ರ ಕಾಣುತ್ತದೆ. ಬಂಪರಿನ ಮೇಲೆ ಬಿಳಿಯ ಬಾಣ ಬಿದ್ದ ಕ್ಷಣ ಗಾಡಿ ನಮ್ಮದಾಗಿಬಿಡುತ್ತದೆ. ಬಾಕಿಯದನ್ನು ಸಣ್ಣ ಬಿಳಿ ಚುಕ್ಕಿಗಳಲ್ಲಿ ಮುಗಿಸಿ.

ಮಿಲಿಟರಿ ಕಿಟ್ಟನ್ನು ಮಿಲಿಟರಿಯಾಗಿಯೇ ಉಳಿಸಬೇಕೆಂಬ ನಿಯಮವೂ ಇಲ್ಲ, ನನಗಂತೂ ಹೆಚ್ಚು ಖುಷಿ ಕೊಡುವುದು ಇದೇ. ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಗೆ ಬೇಡವಾದ ಫೋರ್ಡ್, ಷೆವ್ರೊಲೆ ಲಾರಿಗಳು, ಜೀಪುಗಳು ಡಿಸ್ಪೋಸಲ್ ಮಾಲಾಗಿ ಹರಾಜಿಗೆ ಬಂದು ದೇಶವೆಲ್ಲ ಹಂಚಿಹೋದವು. ಘಟ್ಟದ ಕಾಡಿನಲ್ಲಿ ನಾಟಾ ಎಳೆದವು, ಮಲೆನಾಡಿನ ತೋಟಗಳ ಜೀಪುಗಳಾದವು. ಅಳ್ನಾವರ–ದಾಂಡೇಲಿ ಕವಲು ದಾರಿಯ ಮೀಟರ್‌ಗೇಜ್ ಕಾಲದ ಯಾರ್ಡನ್ನೋ, ಗೋವಾದ ದಾರಿಯ ಲೋಂಡಾವನ್ನೋ ಕಟ್ಟುವವರು 1:76ರ ಯುದ್ಧಕಾಲದ ಲಾರಿ ಕಿಟ್ ತಂದು, ಹಿಂದಿನ ಕ್ಯಾನ್ವಾಸ್ ಕಮಾನು ಕಿತ್ತುಹಾಕಿ, ಹಸಿರಿನ ಮೇಲೆ ಮಾಸಿದ ಕೆಂಪು ಬಳಿದು, ನಿಂಬೆಗಿಡದ ಒಣ ಕಡ್ಡಿಗಳನ್ನು ದಿಮ್ಮಿಯಾಗಿ ಹೇರಿದರೆ ಅದು ಯುದ್ಧದಲ್ಲಿದ್ದದ್ದು ಎಂದು ಯಾರಿಗೂ ಹೊಳೆಯುವುದಿಲ್ಲ. ಕಿಟ್ಟಿನಲ್ಲಿ ಉಳಿದ ಡ್ರಮ್ಮು, ಬಿಡಿ ಗಾಲಿ, ಮರದ ಪೆಟ್ಟಿಗೆಗಳೆಲ್ಲ ಗೂಡ್ಸ್ ಶೆಡ್ಡಿನ ಮೂಲೆಗೆ ಹೋಗಲಿ.

ಅಂಟಿನ ಬಗ್ಗೆ ಎರಡೇ ಮಾತು. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆಂದೇ ಇರುವ ತೆಳು ಅಂಟು ಎರಡೂ ತುಂಡುಗಳನ್ನು ಕರಗಿಸಿ ಒಂದು ಮಾಡುತ್ತದೆ. ಫೆವಿಕ್ವಿಕ್ ಹಿಡಿಯುತ್ತದೆ, ಬೆಸೆಯುವುದಿಲ್ಲ. ಏಟು ಬಿದ್ದರೆ ಬಿಟ್ಟುಕೊಳ್ಳುತ್ತದೆ. ಮೆತ್ತಗಿನ ಪ್ಲಾಸ್ಟಿಕ್ಕಿನ ಸೈನಿಕರಿಗೆ ಬಣ್ಣವೂ ಸರಿಯಾಗಿ ಅಂಟುವುದಿಲ್ಲ, ಬಾಗಿಸಿದರೆ ಸಿಪ್ಪೆ ಏಳುತ್ತದೆ. ಅಪ್ಪಾ ಬಳವಂತ ಚೌಕದಲ್ಲಿ ಸಿಗುವ ಅಕ್ರಿಲಿಕ್ ಬಣ್ಣ ಸಾಕು, ಆದರೆ ಕಿಟ್ಟನ್ನು ಸೋಪಿನಲ್ಲಿ ತೊಳೆದು ಪ್ರೈಮರ್ ಹೊಡೆದ ಮೇಲೆ. ಜುಲೈ ಮಳೆಯಲ್ಲಿ ಸ್ಪ್ರೇ ಹೊಡೆಯಬೇಡಿ, ಗಾಳಿಯ ತೇವಕ್ಕೆ ಬಿಳಿ ಮಬ್ಬು ಕಟ್ಟುತ್ತದೆ. ಕೊನೆಗೆ ಹೊಳಪಿಲ್ಲದ ವಾರ್ನಿಷ್.

ಧೂಳಿನ ಬಣ್ಣ ಊರಿನದ್ದಾಗಿರಲಿ. ಪುಣೆಯ ಹಳಿಯ ಜಲ್ಲಿ ಕಪ್ಪು ಬಸಾಲ್ಟ್ ಕಲ್ಲು, ರಸ್ತೆಯ ಧೂಳು ಬೂದು ಬೆರೆತ ಕಂದು. ಘಟ್ಟ ಇಳಿದು ಗೋವಾಕ್ಕೆ ಹೋದರೆ ಎಲ್ಲವೂ ಮುರಕಲ್ಲಿನ ಕೆಂಪು. ಒಂದೇ ಲಾರಿಯ ಚಕ್ರದ ಮೇಲಿನ ಮಣ್ಣು ನೋಡಿ ಅದು ಖಡಕಿಯದೋ ವಾಸ್ಕೋದ್ದೋ ಹೇಳುವಂತಿರಬೇಕು. ಅಂಗಡಿಯ ಬಣ್ಣಕ್ಕಿಂತ ಆಯಾ ಊರಿನ ಮಣ್ಣನ್ನೇ ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಒಣ ಬ್ರಷ್ಷಿನಲ್ಲಿ ಹಚ್ಚುವುದು ಒಳ್ಳೆಯದು.

ಅಳತೆಗೂ ಬಣ್ಣಕ್ಕೂ ಫೋಟೋ ಬೇಕಲ್ಲ ಎಂದು ಖಡಕಿಯ ಗೇಟಿನ ಮುಂದೆ ಮೊಬೈಲ್ ಎತ್ತಬೇಡಿ. ಅಲ್ಲಿ ಛಾಯಾಚಿತ್ರ ನಿಷೇಧದ ಬೋರ್ಡು ಸುಮ್ಮನೆ ಹಾಕಿದ್ದಲ್ಲ, ಸೇನಾ ರೈಲಿನ ವಿಷಯಕ್ಕೂ ಅದೇ ಮಾತು. ಪುಣೆಯಿಂದ ಸುಮಾರು 120 ಕಿ.ಮೀ. ದೂರದ ಅಹಿಲ್ಯಾನಗರದಲ್ಲಿ, ಅಂದರೆ ಹಳೆಯ ಅಹಮದ್‌ನಗರದಲ್ಲಿ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಮೊದಲ ಮಹಾಯುದ್ಧದ ಕವಚದ ಕಾರಿನಿಂದ ಹಿಡಿದು ವಿಜಯಂತದವರೆಗೆ ಬಯಲಲ್ಲೇ ನಿಂತಿವೆ, ಸುತ್ತಲೂ ಓಡಾಡಿ ನೋಡಬಹುದು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಅವರನ್ನು ಟ್ಯಾಂಕಿನ ಪಕ್ಕ ನಿಲ್ಲಿಸಿ, ಗಾಲಿ ಅವರ ಎಲ್ಲಿಯವರೆಗೆ ಬರುತ್ತದೆ, ಒಡಲಿನ ಅಂಚು ಭುಜಕ್ಕೋ ತಲೆಗೋ ಎಂದು ಗುರುತು ಮಾಡಿಕೊಳ್ಳಿ. ಮನೆಗೆ ಬಂದು ನಿಮ್ಮ 20 ಮಿ.ಮೀ.ನ ಗೊಂಬೆಯನ್ನು ಕಿಟ್ಟಿನ ಪಕ್ಕ ನಿಲ್ಲಿಸಿ ನೋಡಿ.